ಖಾಲಿ ಗಾಡಿಯ ತೂಕ

ಮೊದಲು ತುಂಬಿದ ಗಾಡಿ, ಆಮೇಲೆ ಖಾಲಿ ಗಾಡಿ.
ಅದರಲ್ಲಿ ಇದನ್ನು ಕಳೆದರೆ
ಉಳಿದದ್ದು ಕಬ್ಬು.
ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತೊಂದು ವರ್ಷ ಇದೇ ಲೆಕ್ಕ ಬರೆದೆ.
"ಅಕ್ಕೋ, ಮುಳ್ಳು ವಸಿ ನಮ್ ಕಡೀಕ್ ವಾಲ್ಲಿ" ಎಂದು
ಕಿಟಕಿಯೊಳಗೆ ಒಂದು ಜಲ್ಲೆ ತೂರಿಸುತ್ತಿದ್ದರು.
ಮುಳ್ಳು ವಾಲಲಿಲ್ಲ. ಜಲ್ಲೆ ತಿಂದೆ,
ಅದು ಸುಳ್ಳಲ್ಲ.

ಈಗ ಮಧ್ಯಾಹ್ನ ಮೂರರಿಂದ ನಾಲ್ಕು, ಹೆಂಗಸರ ಸಮಯ.
ಈಜುಕೊಳದ ಕಾರ್ಡಿನಲ್ಲಿ ನನ್ನ ಹೆಸರು:
ಪುಟ್ಟನಂಜಮ್ಮ, ಅರವತ್ತೊಂದು.
"ಮೊಮ್ಮಗಳ ಜೊತೆ ಬಂದ್ರಾ?" ಅಂದ ಕೌಂಟರಿನ ಹುಡುಗ.
"ಇಲ್ಲಪ್ಪ, ನನ್ನ ಜೊತೆ ನಾನೇ."

ಈಜುಡುಗೆ ತಂದದ್ದು ಪೇಟೆ ಬೀದಿಯಲ್ಲಿ.
ಅಂಗಡಿಯವನು ಅಳತೆ ಕೇಳಲು ನಾಚಿ ಹೆಂಡತಿಯನ್ನು ಕರೆದ.
ಅವಳು ನಾಚಲಿಲ್ಲ; ಸೊಂಟಕ್ಕೆ ಟೇಪು ಸುತ್ತಿ
"ನಂಗೂ ಒಂದ್ ತೆಗೆದಿಟ್ಕೋಬೇಕು ಕಣಕ್ಕ" ಅಂದಳು, ಮೆಲ್ಲಗೆ.
ಮನೆಯ ಬಚ್ಚಲಲ್ಲಿ ತೊಟ್ಟು ನೋಡಿದೆ:
ಹೊಲಿದು ಬಾಯಿ ಕಟ್ಟಿದ ಸಕ್ಕರೆ ಮೂಟೆ.
ನಕ್ಕೆ. ಬಿಚ್ಚಲಾಗದೆ ಇನ್ನೂ ನಕ್ಕೆ.

"ಈ ವಯಸ್ಸಲ್ಲಿ ನೀರಿಗೆ ಬೀಳೋದಾ?" ಅಂದಳು ನಾದಿನಿ.
"ಬೀಳಲ್ಲ ಕಣೆ, ಇಳೀತೀನಿ."
ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ,
"ಟವೆಲ್ ಮರೀಬೇಡ" ಅಂದರು.

ನಮ್ಮೂರ ಪಕ್ಕವೇ ನಾಲೆ.
ಕಟ್ಟೆಯಿಂದ ನೀರು ಬಿಟ್ಟ ದಿನ
ಅಣ್ಣಂದಿರು ಸೇತುವೆಯಿಂದ ದಬದಬ ಹಾರುವರು;
ನಾನು ಮೆಟ್ಟಿಲ ಮೇಲೆ ಅವರ ಚಡ್ಡಿ ಒಗೆಯುವೆ.
"ಹೆಣ್ಣಿಗ್ಯಾಕವ್ವ ಈಜು? ಬಿಂದ್ಗೆ ತುಂಬ್ಸಕ್ ಬಂದ್ರೆ ಸಾಕು."
ಬಿಂದಿಗೆ ಗುಳುಗುಳು ಎನ್ನುತ್ತ ಮುಳುಗುವುದನ್ನೇ ನೋಡುತ್ತಿದ್ದೆ.
ತುಂಬುವ ಮೊದಲು ಅದು ತೇಲುತ್ತಿತ್ತಲ್ಲ,
ಅದರ ಕಡೆ ಗಮನವಿರಲಿಲ್ಲ.

ಕಲಿಸುವ ಹುಡುಗಿ ಲಿಖಿತಾ, ಶ್ರೀರಂಗಪಟ್ಟಣದವಳು,
ನನ್ನ ಸರ್ವೀಸಿಗಿಂತ ಒಂಬತ್ತು ವರ್ಷ ಚಿಕ್ಕವಳು.
ತಲೆಯಡಿ ಒಂದು ಕೈ, ಬೆನ್ನಡಿ ಒಂದು ಕೈ ಕೊಟ್ಟು
"ಆಂಟಿ, ಏನೂ ಮಾಡ್ಬೇಡಿ" ಅನ್ನುತ್ತಾಳೆ.
ಏನೂ ಮಾಡದಿರುವುದು!
ಅದನ್ನು ನನಗೆ ಯಾರು ಹೇಳಿಕೊಟ್ಟಿದ್ದರು?
ಕತ್ತು ಏನೋ ಮಾಡುತ್ತದೆ, ಮಂಡಿ ಏನೋ ಮಾಡುತ್ತದೆ,
ಒಲೆಯ ಮೇಲೆ ಹಾಲಿಟ್ಟು ಬಂದೆನೇ ಎಂದು
ಹೊಟ್ಟೆ ಬಿಗಿಯುತ್ತದೆ.
ಬಿಗಿದ ಕಡೆಯಿಂದಲೇ ಮುಳುಗುವುದು.
ಕಾಕಂಬಿ ವಾಸನೆಗೆ ಒಗ್ಗಿದ ಮೂಗು
ಕ್ಲೋರಿನ್ನಿಗೆ ಸೀನಿತು, ಸೀನಿತು, ಸೀನಿತು.
ಆರು ವರ್ಷದ ಪೋರಿಯೊಬ್ಬಳು ಗೊದಮೊಟ್ಟೆಯ ಹಾಗೆ
ಕೊಳವೆಲ್ಲ ಸುತ್ತಿ ಬಂದು ಕೇಳಿದಳು:
"ಅಜ್ಜೀ, ನೀವಿನ್ನೂ ಇಲ್ಲೇ ಇದ್ದೀರಾ?"

ಹನ್ನೊಂದನೆಯ ದಿನ, ಗುರುವಾರ,
ಯಾವಾಗ ಕೈ ತೆಗೆದಳೋ ಗೊತ್ತಿಲ್ಲ.
ಕಿವಿಯೊಳಗೆ ನೀರು. ಹೆದ್ದಾರಿಯ ಲಾರಿ,
ಮೈಸೂರಿಗೆ ಹೊರಟ ರೈಲು, ಎಲ್ಲ ಯಾವುದೋ ಪಕ್ಕದೂರಿನಲ್ಲಿ.
ಮೇಲೆ ಒಂದು ಹದ್ದು, ರೆಕ್ಕೆ ಬಡಿಯದೆ;
ಅದೂ ಏನೂ ಮಾಡುತ್ತಿರಲಿಲ್ಲ.
ಗಂಡನ ಔಷಧಿ ಚೀಟಿ, ಮಂಡಿ ನೋವು,
ಮಾತು ಬಿಟ್ಟ ತಂಗಿ, ಯಾವುದೂ ಎಲ್ಲಿಗೂ ಹೋಗಿರಲಿಲ್ಲ.
ನೀರು ಅದನ್ನೆಲ್ಲ
ಗಾಡಿಯ ಲೆಕ್ಕಕ್ಕೆ ಬರೆದುಕೊಂಡಿತು.

ಆಮೇಲೆ, ತೇಲುತ್ತಿದ್ದೇನೆಂದು ಹೊಳೆದು,
ಗಾಬರಿಯಾಗಿ,
ಒಂದು ಚೊಂಬು ನೀರು ಕುಡಿದೆ.

ವಾಪಸು ಬರುವಾಗ ರೈಲ್ವೆ ಸ್ಟೇಷನ್ನಿನಲ್ಲಿ
ಬಣ್ಣದ ದೀಪ ತಿರುಗಿಸುವ ಹಳೇ ತೂಕದ ಯಂತ್ರ.
ಹತ್ತಿದೆ. ನಾಣ್ಯ ಹಾಕಿದೆ. ಜಡೆಯಿಂದ ತೊಟ್ಟಿಕ್ಕುತ್ತಿತ್ತು.
ಅರವತ್ತೇಳು ಕಿಲೋ. ಚೀಟಿಯ ಹಿಂದೆ ಭವಿಷ್ಯ:
ದೂರ ಪ್ರಯಾಣವಿದೆ.
ಕೊಳದ ಆ ತುದಿಗೆ ಇಪ್ಪತ್ತೈದು ಮೀಟರ್ ಅಂದಿದ್ದಳು ಲಿಖಿತಾ.

ಇಳಿದ ಮೇಲೆ ನೋಡುತ್ತೇನೆ, ಒದ್ದೆ ಬಟ್ಟೆಯ ಚೀಲ
ಕೈಯಲ್ಲೇ ಇದೆ!
ತೂಕದ ಮನೆಯ ಪುಟ್ಟನಂಜಮ್ಮ,
ಚೀಲ ಕೆಳಗಿಡದೆ ತೂಗಿಕೊಂಡವಳು.
ಮತ್ತೆ ಹತ್ತಲಿಲ್ಲ.
ಉಳಿದ ಚಿಲ್ಲರೆಗೆ ಬಿಸಿ ಕಡಲೆಕಾಯಿ ಕೊಂಡು
ಸಿಪ್ಪೆ ಸುಲಿಯುತ್ತ ಹೊರಟೆ.